ಹೊಸ ಎಂಜಿನ್, ಹಳೇ ವೈರು: 1966ರ ಮಸ್ಟಾಂಗ್ ಒಂದರ ಪ್ರಕರಣ

ಕಾರು 1966ರ ಫೋರ್ಡ್ ಮಸ್ಟಾಂಗ್. ಎರಡು ಬಾಗಿಲಿನ ಹಾರ್ಡ್‌ಟಾಪ್, 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಎರಡು ಬ್ಯಾರೆಲ್‌ನ ಕಾರ್ಬ್ಯುರೇಟರ್, ಆಟೋಮ್ಯಾಟಿಕ್ ಗೇರು. ಮಾಲೀಕ ಡೆಟ್ರಾಯ್ಟ್ ಸುತ್ತಮುತ್ತ ಇರುವ ಒಬ್ಬ ಕನ್ನಡಿಗ. ಗುರುತು ಸಿಗಬಾರದು ಅಂತ ಹೆಸರು, ಬಡಾವಣೆ, ಕಾರಿನ ಬಣ್ಣ ಯಾವುದನ್ನೂ ಹೇಳುವುದಿಲ್ಲ. 'ಮಾಲೀಕ' ಅಂತಲೇ ಕರೆಯುತ್ತೇನೆ, ಅವನು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಕೆಲಸ ನಡೆದ ಬಹುಪಾಲು ಹೊತ್ತು ನಾನೂ ಜೊತೆಗಿದ್ದೆ. ಟಾರ್ಚ್ ಹಿಡಿಯೋದು, ಮೀಟರ್ ಓದೋದು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡೋದು ನನ್ನ ಪಾಲಿನ ಕೆಲಸ.

ಬರೆಯೋದಕ್ಕೆ ಕಾರಣ ಇಷ್ಟೇ. ಮನೆ ಗ್ಯಾರೇಜಿನಲ್ಲಿ ಎಂಜಿನ್ ಕೆಲಸ ಬಹಳ ಚೆನ್ನಾಗಿ ಆಯಿತು. ಆದರೂ ಕಾರು ಓಡಲಿಲ್ಲ. ಓಡದೇ ಇರೋದಕ್ಕೆ ಕಾರಣ ಎಂಜಿನ್ನಿನಲ್ಲಿ ಇರಲಿಲ್ಲ, ಆದರೆ ಅದನ್ನು ಕಂಡುಕೊಳ್ಳುವುದಕ್ಕೆ ಹಿಡಿದ ಸಮಯ ಎಂಜಿನ್ ಕಟ್ಟೋದಕ್ಕೆ ಹಿಡಿದಷ್ಟೇ ಆಯಿತು. ಹಳೇ ಅಮೆರಿಕನ್ ಕಾರು ಮನೆಯಲ್ಲೇ ಕಟ್ಟಬೇಕು ಅಂದುಕೊಂಡಿರುವವರಿಗೆ ಆ ಭಾಗ ತುಂಬಾ ಮುಖ್ಯ ಅಂತ ನನಗೆ ಅನಿಸುತ್ತದೆ.

ಯಾಕೆ ಇದೇ ಕಾರು

ಮಸ್ಟಾಂಗ್ ಮೊದಲು ಜನರ ಮುಂದೆ ಬಂದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕ್ ವಿಶ್ವ ಮೇಳದಲ್ಲಿ. 1966ರ ಮಾಡೆಲ್ ಒಂದೇ 6 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹಾಗಾಗಿ ಇವತ್ತಿಗೂ ಇದರ ಒಂದೊಂದು ಸ್ಕ್ರೂ, ಒಂದೊಂದು ವೈರಿನ ಕಟ್ಟು ಹೊಸದಾಗಿ ಸಿಗುತ್ತದೆ. ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ. ಕಾರ್ಖಾನೆಯಲ್ಲೇ ಒತ್ತಿದ ಈ ಕಾರಿನ ನಂಬರು 6ಎಫ್07ಸಿ ಅಂತ ಶುರುವಾಗುತ್ತದೆ. 6 ಅಂದರೆ 1966, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 07 ಅಂದರೆ ಹಾರ್ಡ್‌ಟಾಪ್, ಸಿ ಅಂದರೆ ಎರಡು ಬ್ಯಾರೆಲ್‌ನ 289. ಎಂಜಿನ್ ಬ್ಲಾಕಿನ ಮೇಲಿನ ಎರಕದ ಗುರುತುಗಳೂ ಇದಕ್ಕೆ ಹೊಂದುತ್ತಿದ್ದವು. ಹುಟ್ಟಿದ ಊರಿನ ಪಕ್ಕದಲ್ಲೇ ಇನ್ನೂ ಉಳಿದುಕೊಂಡಿದ್ದ ಕಾರು, ಅದೇ ಮಾಲೀಕನಿಗೆ ಇಷ್ಟವಾಗಿದ್ದು.

ಅವನ ಆಸೆ ಸ್ಪಷ್ಟವಾಗಿತ್ತು. ಇಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳೆಲ್ಲ ಹೊರಬರುತ್ತವೆ. 1995ರಿಂದ ನಡೆದುಕೊಂಡು ಬಂದಿರುವ ವುಡ್‌ವರ್ಡ್ ಡ್ರೀಮ್ ಕ್ರೂಸ್. ಅದರಲ್ಲಿ ಈ ಕಾರು ತನ್ನ ಕಾಲ ಮೇಲೆ ತಾನು ಓಡಬೇಕು. ಪ್ರದರ್ಶನದ ಬಹುಮಾನ ಬೇಕಿಲ್ಲ, ಓಡಿದರೆ ಸಾಕು.

ಕಾರು ಸಿಕ್ಕಿದ್ದು ಶರತ್ಕಾಲದಲ್ಲಿ. ಎಷ್ಟೋ ವರ್ಷದಿಂದ ಒಂದು ಷೆಡ್ಡಿನಲ್ಲಿ ನಿಂತಿತ್ತು. ಬಾಡಿ ಪರವಾಗಿಲ್ಲ. ಡ್ಯಾಶ್ ಕೆಳಗೆ ಬಗ್ಗಿ ನೋಡಿದರೆ ಮಾತ್ರ ಬೇಸರ. ಹಿಂದಿನ ಯಾರೋ ಟೇಪ್ ಡೆಕ್ ಹಾಕಿ ತೆಗೆದಿದ್ದರು, ಫಾಗ್ ಲೈಟ್ ಹಾಕಿ ತೆಗೆದಿದ್ದರು. ಪ್ರತಿ ಸಲ ಒಂದು ವೈರು ಕತ್ತರಿಸಿ ಇನ್ನೊಂದಕ್ಕೆ ತಿರುಚಿ ಟೇಪ್ ಸುತ್ತಿದ್ದರು. ಎರಡು ಕಡೆ ಮನೆಯ ವೈರಿಂಗಿಗೆ ಹಾಕುವ ಪ್ಲಾಸ್ಟಿಕ್ ಟೋಪಿಗಳೂ ಇದ್ದವು. ಮಾಲೀಕ ಅದನ್ನೆಲ್ಲ ನೋಡಿ, "ಮೊದಲು ಎಂಜಿನ್, ಇದು ಕೊನೆಗೆ" ಅಂದ. ನಾನೂ ಹೂಂ ಅಂದೆ.

ಎಂಜಿನ್: ಬಿಚ್ಚುವ ಮುಂಚೆ ಅಳೆದದ್ದು

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಸೀದಾ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯಬಾರದು. ಇದು ಅವನು ತೆಗೆದುಕೊಂಡ ಮೊದಲ ಒಳ್ಳೆಯ ನಿರ್ಧಾರ. ರಿಂಗುಗಳು ಬೋರಿಗೆ ತುಕ್ಕು ಹಿಡಿದು ಅಂಟಿಕೊಂಡಿರಬಹುದು, ವಾಲ್ವ್ ಗೈಡಿನಲ್ಲಿ ಸಿಕ್ಕಿಕೊಂಡಿರಬಹುದು. ಎಂಟೂ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಕೆಲವು ದಿನ ಸುಮ್ನೆ ಬಿಟ್ಟ. ಆಮೇಲೆ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಕೆ ಹಾಕಿ ಕೈಯಲ್ಲೇ ತಿರುಗಿಸಿದ. ಮೊದಲು ಗಟ್ಟಿ, ಆಮೇಲೆ ಸಲೀಸು.

ನಂತರ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅನ್ನೋದನ್ನು ನೋಡಿದೆವು. ಡ್ಯಾಶ್ ವೈರಿಂಗ್ ಮುಟ್ಟುವ ಧೈರ್ಯ ಇರಲಿಲ್ಲ. ಆ ಕಾಲದ ಫೋರ್ಡ್‌ಗಳಲ್ಲಿ ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಫೆಂಡರಿನ ಒಳಗೋಡೆಯ ಮೇಲೆ ಕೈಗೆ ಸಿಗುವಂತೆ ಇರುತ್ತದೆ. ಅದಕ್ಕೇ ನೇರವಾಗಿ ಒಂದು ಬಟನ್ ಕಟ್ಟಿಕೊಂಡು ತಿರುಗಿಸಿದೆವು. ಏಳು ಸಿಲಿಂಡರುಗಳು 130ರಿಂದ 145 ಪಿಎಸ್ಐ ಕೊಟ್ಟವು. ಆರನೆಯದು 70. ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ 75. ಸೋರಿಕೆ ರಿಂಗಿನಿಂದ ಆಗಿದ್ದರೆ ಎಣ್ಣೆ ಅದನ್ನು ತಾತ್ಕಾಲಿಕವಾಗಿ ಮುಚ್ಚಿ ಒತ್ತಡ ಗಟ್ಟಿಯಾಗಿ ಏರಬೇಕಿತ್ತು. ಏರಲಿಲ್ಲ, ಅಂದರೆ ವಾಲ್ವ್.

ಹೆಡ್ ಎರಡು ಮಾತ್ರ ಬಿಚ್ಚಿ ವಾಲ್ವ್ ಕೆಲಸ ಮಾಡಿಸಿದರೆ ಸಾಕು ಅಂತ ಆವಾಗ ಲೆಕ್ಕ. ಆದರೆ ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನನ್ನೂ ಒಮ್ಮೆ ನೋಡಿಬಿಡೋಣ ಅಂತ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆವು. ಕ್ರ್ಯಾಂಕನ್ನು ಒಂದು ಕಡೆಗೆ ತಿರುಗಿಸಿ ನಿಲ್ಲಿಸಿ, ವಾಪಸ್ ತಿರುಗಿಸುತ್ತಾ, ಕ್ಯಾಮಿನಿಂದ ತಿರುಗುವ ಅದರೊಳಗಿನ ರೋಟರ್ ಯಾವಾಗ ಅಲುಗುತ್ತದೆ ಅಂತ ನೋಡೋದು. ಏನನ್ನೂ ಬಿಚ್ಚದೆ ಚೈನಿನ ಸಡಿಲ ತಿಳಿಯುವ ಉಪಾಯ. ಕ್ರ್ಯಾಂಕ್ 12 ಡಿಗ್ರಿ ತಿರುಗಿದರೂ ರೋಟರ್ ಕದಲಲಿಲ್ಲ. ಮುಂದಿನ ಕವರ್ ತೆಗೆದರೆ ಕ್ಯಾಮ್ ಗೇರಿನ ಹಲ್ಲುಗಳ ಮೇಲಿನ ನೈಲಾನ್ ಅರ್ಧಕ್ಕರ್ಧ ಇರಲೇ ಇಲ್ಲ. ಸದ್ದು ಕಡಿಮೆಯಾಗಲಿ ಅಂತ ಆ ಕಾಲದಲ್ಲಿ ಕ್ಯಾಮ್ ಗೇರಿನ ಹಲ್ಲಿಗೆ ನೈಲಾನ್ ಹಾಕುತ್ತಿದ್ದರು, ವಯಸ್ಸಾದ ಮೇಲೆ ಅದು ಬಿರುಕು ಬಿಟ್ಟು ಉದುರುತ್ತದೆ. ಉದುರಿದ್ದು ಎಲ್ಲಿಗೆ ಹೋಗುತ್ತದೆ? ಕೆಳಗೆ ಎಣ್ಣೆ ನಿಲ್ಲುವ ಚೇಂಬರಿಗೆ, ಅಲ್ಲಿಂದ ಆಯಿಲ್ ಪಂಪಿನ ಜಾಲರಿಗೆ.

ಇಲ್ಲಿ ಯೋಜನೆ ಬದಲಾಯಿತು. ಎಂಜಿನ್ ಕಾರಿನಲ್ಲೇ ಇರುವಾಗ ಚೇಂಬರ್ ಬಿಚ್ಚೋದು ಪೀಕಲಾಟ. ಇಡೀ ಎಂಜಿನ್ ಹೊರಗೆ ಬಂತು. ಜಾಲರಿಯಲ್ಲಿ ನೈಲಾನ್ ಚೂರುಗಳು ಕಂದು ಬಣ್ಣಕ್ಕೆ ತಿರುಗಿ ಒತ್ತೊತ್ತಾಗಿ ಅಂಟಿಕೊಂಡಿದ್ದವು. ಹಾಗೇ ಓಡಿಸಿದ್ದರೆ ಎಣ್ಣೆ ಸಿಗದೆ ಬೇರಿಂಗ್ ಹೋಗುತ್ತಿದ್ದವು.

ಹೊರಗೆ ಬಂದ ಮೇಲೆ ಎಲ್ಲವನ್ನೂ ಹೊಸದು ಮಾಡಿಬಿಡು ಅಂತ ಹೇಳುವವರು ಬೇಕಾದಷ್ಟು ಜನ. ಮಾಲೀಕ ಹಾಗೆ ಮಾಡಲಿಲ್ಲ, ಅದು ನನಗೆ ಬಹಳ ಹಿಡಿಸಿತು. ಪ್ರತಿಯೊಂದಕ್ಕೂ ಅಳತೆ ಕೇಳಿದ. ಬೇರಿಂಗಿನ ಮಧ್ಯೆ, ಒತ್ತಿದಷ್ಟೂ ಅಗಲವಾಗಿ ಸಂದಿನ ಅಳತೆ ತೋರಿಸುವ ಪ್ಲಾಸ್ಟಿಗೇಜ್ ಎಳೆ ಇಟ್ಟು ಬಿಗಿದು ಬಿಚ್ಚಿ ನೋಡಿದಾಗ ಸಂದು ಇಂಚಿನ ಸಾವಿರದಲ್ಲಿ 2 ಭಾಗದ ಆಸುಪಾಸು, ಸರಿಯಾಗಿತ್ತು. ಬೋರಿನ ಮೂಲ ಅಳತೆ 4 ಇಂಚು, ಸವೆತ ಇಂಚಿನ ಸಾವಿರದಲ್ಲಿ 3 ಭಾಗದಷ್ಟು. ಬೋರಿಂಗ್ ಮಾಡಿಸದೆ ಹೋನ್ ಮಾಡಿ, ಅಂದರೆ ಒಳಗೋಡೆಯನ್ನು ಹಗುರವಾಗಿ ಉಜ್ಜಿ, ಹೊಸ ರಿಂಗ್ ಹಾಕಿದ. ಹೆಡ್‌ಗಳು ಮಾತ್ರ ಹೊರಗಿನ ಲೇತ್ ಶಾಪಿಗೆ ಹೋದವು. ಅಲ್ಲಿ ಎಗ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಕೂರಿಸಿದರು. ಈ ಎಂಜಿನ್ ಮಾಡಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ವಾಲ್ವ್ ಸೀಟು ಸವೆಯದಂತೆ ಆ ಸೀಸವೇ ಕಾಯುತ್ತಿತ್ತು. ಅಮೆರಿಕದ ರಸ್ತೆ ವಾಹನಗಳಿಗೆ 1996ರಿಂದ ಅದು ಪೂರ್ತಿ ನಿಂತಿದೆ.

ಕ್ಯಾಮ್ ಹಳೆಯದನ್ನೇ ಉಳಿಸಿಕೊಂಡ. ಅದಕ್ಕೆ ಒಂದು ಷರತ್ತಿದೆ. ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತಿಸುವ ಹದಿನಾರು ಲಿಫ್ಟರುಗಳೂ ತಾವು ಕೂತಿದ್ದ ತೂತಿಗೇ, ತಾವು ಸವೆದ ಲೋಬಿನ (ಕ್ಯಾಮಿನ ಉಬ್ಬಿನ) ಮೇಲೇ ವಾಪಸ್ ಹೋಗಬೇಕು. ಅದಲುಬದಲಾದರೆ ಕ್ಯಾಮ್ ಬೇಗ ಹಾಳಾಗುತ್ತದೆ. ಮೊಟ್ಟೆ ಟ್ರೇ ಒಂದರ ಗುಳಿಗಳಿಗೆ ನಂಬರ್ ಹಾಕಿ, ಒಂದೊಂದನ್ನೇ ತೆಗೆದು ಇಟ್ಟೆವು. ಎಣ್ಣೆಯೂ ಹಾಗೇ ನೋಡಿ ತಂದದ್ದು. ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಸಾಮಾನ್ಯ ಎಣ್ಣೆಗಳಲ್ಲಿ ಜಿಂಕ್ ಮತ್ತು ರಂಜಕ ಕಡಿಮೆ ಮಾಡಿದ್ದಾರೆ. ಇಂಥ ಕ್ಯಾಮಿಗೆ ಅದು ಜಾಸ್ತಿ ಇರುವ ಎಣ್ಣೆಯೇ ಬೇಕು.

ಕ್ರ್ಯಾಂಕಿನ ಹಿಂದಿನ ತುದಿಯಿಂದ ಎಣ್ಣೆ ಸೋರದಂತೆ ತಡೆಯುವ ಮೇನ್ ಸೀಲಿನ ವಿಷಯ ಹೇಳಲೇಬೇಕು, ಬಹಳ ಜನ ಇಲ್ಲಿ ಎಡವುತ್ತಾರೆ. ಮೂಲದಲ್ಲಿ ಹಗ್ಗದಂಥ ಸೀಲು. ಅದು ಜಾರದಂತೆ ಹಿಡಿಯೋಕೆ ಹಿಂದಿನ ಬೇರಿಂಗ್ ಕ್ಯಾಪಿನಲ್ಲಿ ಒಂದು ಸಣ್ಣ ಪಿನ್ ಇರುತ್ತದೆ. ಹೊಸ ರಬ್ಬರ್ ಸೀಲು ಹಾಕುವಾಗ ಆ ಪಿನ್ ತೆಗೆಯದಿದ್ದರೆ ಅದು ಸೀಲನ್ನೇ ಚುಚ್ಚಿ ಹರಿಯುತ್ತದೆ. ಮಾಲೀಕ ತೆಗೆದ, ತೂತನ್ನು ಸೀಲೆಂಟ್ ಹಾಕಿ ಮುಚ್ಚಿದ.

ಕೊನೆಗೆ ಡಿಸ್ಟ್ರಿಬ್ಯೂಟರ್ ಕೂರಿಸುವ ಮುಂಚೆ, ಅದರ ತೂತಿನಿಂದ ಉದ್ದ ಸಾಕೆಟ್ ಇಳಿಸಿ, ಆಯಿಲ್ ಪಂಪಿನ ಆರುಮೂಲೆ ಕಡ್ಡಿಯನ್ನು ಡ್ರಿಲ್ಲಿನಿಂದ ಹಿಮ್ಮುಖವಾಗಿ ತಿರುಗಿಸಿದೆವು. ಸ್ವಲ್ಪ ಹೊತ್ತು ಡ್ರಿಲ್ ಹಗುರವಾಗಿ ತಿರುಗಿತು. ಆಮೇಲೆ ಕೈಗೆ ಭಾರ ತಿಳಿಯಿತು. ರಾಕರುಗಳ ಮೇಲೆ ಎಣ್ಣೆ ಒಂದೊಂದಾಗಿ ಒಸರುತ್ತಾ ಬಂತು. ಎಣ್ಣೆ ಎಲ್ಲ ಕಡೆ ತಲುಪಿದೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಮಾತು.

ಓಡಿತು, ಆಮೇಲೆ ನಿಂತಿತು

ಮೊದಲ ಸಲ ಎಂಜಿನ್ ಶುರು ಮಾಡಿದ್ದು ಹೇಗೆ ಅನ್ನೋದನ್ನು ಗಮನವಿಟ್ಟು ಓದಿ, ಇಡೀ ಪ್ರಕರಣ ಇದರ ಮೇಲೆ ನಿಂತಿದೆ.

ಪೆಟ್ರೋಲ್ ಟ್ಯಾಂಕ್ ಇನ್ನೂ ಕ್ಲೀನ್ ಆಗಿರಲಿಲ್ಲ. ಹಾಗಾಗಿ ಹೊಸ ಪೆಟ್ರೋಲಿನ ಕ್ಯಾನಿನಿಂದ ಪಂಪಿಗೆ ಪೈಪು. ಡ್ಯಾಶ್ ವೈರಿಂಗಿನ ಮೇಲೆ ನಂಬಿಕೆ ಇರಲಿಲ್ಲ. ಹಾಗಾಗಿ ಬ್ಯಾಟರಿಯಿಂದ, ಪ್ಲಗ್ಗಿನ ಕಿಡಿಗೆ ಬೇಕಾದ ವೋಲ್ಟೇಜ್ ಮಾಡುವ ಕಾಯಿಲಿಗೆ, ಮಧ್ಯೆ ಸುಮಾರು ಒಂದೂವರೆ ಓಮಿನ ಸೆರಾಮಿಕ್ ರೆಸಿಸ್ಟರ್ ಇಟ್ಟು, ಬೇರೆಯೇ ಜಂಪರ್ ವೈರು. ಸ್ಟಾರ್ಟರಿಗೆ ಅದೇ ಹಳೇ ಬಟನ್. ಕಾಯಿಲಿನ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟಿನ ಸಂದು ಇಂಚಿನ ಸಾವಿರದಲ್ಲಿ 17 ಭಾಗ, ಕಿಡಿಯ ಟೈಮಿಂಗ್ 6 ಡಿಗ್ರಿ ಮುಂಚಿತ, ಫೈರಿಂಗ್ ಆರ್ಡರ್ (ಸಿಲಿಂಡರುಗಳು ಹತ್ತುವ ಸರದಿ) 1-5-4-2-6-3-7-8. ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದು, ಹೊಗೆ ಹೊರಗೆ ಹೋಗುವಂತೆ ಮಾಡಿ, ಬಟನ್ ಒತ್ತಿದ. ತಕ್ಷಣ ಹತ್ತಿತು. ಮಿಸ್ಸಿಂಗ್ ಇಲ್ಲ, ಎಣ್ಣೆಯ ಒತ್ತಡ ಚೆನ್ನಾಗಿದೆ, ಬಿಸಿ ಸರಿಯಾಗಿದೆ. ಒಂದೇ ಸಮನೆ ಓಡಿತು. ಆ ಸದ್ದು ಕೇಳಿ ನಮ್ಮಿಬ್ಬರಿಗೂ ಮಾತೇ ಹೊರಡಲಿಲ್ಲ.

ಮುಂದಿನ ವಾರ ಟ್ಯಾಂಕ್ ತೊಳೆದು ಹಾಕಿದ. ಜಂಪರ್ ತೆಗೆದು ಕಾಯಿಲನ್ನು ಕಾರಿನ ಮೂಲ ವೈರಿಗೆ ಜೋಡಿಸಿದ. ಎರಡೂ ಒಂದೇ ದಿನ. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುವಾಗ ಎಂಜಿನ್ ಹತ್ತುತ್ತದೆ, ಕೀ ಬಿಟ್ಟರೆ ನಿಲ್ಲುತ್ತದೆ. ಕೆಲವೊಮ್ಮೆ ನಿಲ್ಲುವುದಿಲ್ಲ, ಆದರೆ ಕೆಮ್ಮುತ್ತಾ ಓಡಿ, ಸ್ವಲ್ಪ ಬಿಸಿಯಾದ ಮೇಲೆ ಸಾಯುತ್ತದೆ.

ಎರಡು ಬದಲಾವಣೆ ಒಟ್ಟಿಗೆ ಆಗಿದ್ದವು. ಅನುಮಾನ ಹೋದದ್ದು ಒಂದರ ಮೇಲೆ ಮಾತ್ರ, ಟ್ಯಾಂಕಿನ ಮೇಲೆ. ಅದು ಸಹಜವೇ. ವರ್ಷಗಟ್ಟಲೆ ಅಂಟು ಕಟ್ಟಿದ್ದ ಟ್ಯಾಂಕು, 10 ಶೇಕಡಾ ಎಥೆನಾಲ್ ಇರುವ ಈಗಿನ ಪೆಟ್ರೋಲು, ಅದಕ್ಕೆ ಕರಗುವ ಹಳೇ ರಬ್ಬರ್ ಪೈಪು. ಫಿಲ್ಟರ್ ಬದಲಾಯಿತು, ಪೈಪು ಬದಲಾಯಿತು, ಪಂಪು ಬದಲಾಯಿತು. ಮಧ್ಯೆ ಒಮ್ಮೆ ಮತ್ತೆ ಕ್ಯಾನಿಗೇ ಜೋಡಿಸಿ ನೋಡಿದ. ಆವಾಗಲೂ ನಿಂತಿತು. ಅಲ್ಲಿಗೇ ಟ್ಯಾಂಕಿನ ತಪ್ಪಲ್ಲ ಅಂತ ತೀರ್ಮಾನವಾಗಬೇಕಿತ್ತು. ಆದರೆ "ಟ್ಯಾಂಕಿನ ಕಸ ಆಗಲೇ ಕಾರ್ಬ್ಯುರೇಟರಿಗೆ ಹೋಗಿಬಿಟ್ಟಿದೆ" ಅನ್ನೋ ವಿವರಣೆ ಅದಕ್ಕಿಂತ ಬೇಗ ಸಿಕ್ಕಿತು. ಒಂದು ಅನುಮಾನ ಮನಸ್ಸಿನಲ್ಲಿ ಕೂತ ಮೇಲೆ ಅದರ ವಿರುದ್ಧ ಬಂದ ಸಾಕ್ಷಿಯೂ ಅದರ ಪರವಾಗಿಯೇ ಕಾಣುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಹೊಸ ಪ್ಯಾಕಿಂಗ್ ಹಾಕಿದ. ಮತ್ತೊಮ್ಮೆ ಬಿಚ್ಚಿದ. ಆಮೇಲೆ ರಿಪೇರಿ ಮಾಡಿ ಮಾರುವ ಇನ್ನೊಂದನ್ನೇ ತಂದ. ಅದರ ಜೊತೆಗೇ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಮೂರೂ ಹೊಸದು ಹಾಕಿದ. ಏನೂ ಬದಲಾಗಲಿಲ್ಲ. ಕಷ್ಟಪಟ್ಟು ಕಟ್ಟಿದ ಎಂಜಿನ್ ಮೇಲೇ ಅವನಿಗೆ ಅನುಮಾನ ಶುರುವಾಯಿತು. ಇಂಟೇಕ್ ಪ್ಯಾಕಿಂಗ್ ಗಾಳಿ ಎಳೆಯುತ್ತಿದೆಯೇನೋ, ಮತ್ತೆ ಬಿಚ್ಚೋಣ ಅಂದ.

ಕೀ ಎಲ್ಲಿದೆ ಅಂತ ಪೆಟ್ರೋಲಿಗೆ ಹೇಗೆ ಗೊತ್ತು

ಆ ಹೊತ್ತಿಗೆ ಅವನ ಅಪ್ಪ ಅಮ್ಮ ಊರಿಂದ ಬಂದಿದ್ದರು. ಅಪ್ಪ ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಗ್ಯಾರೇಜ್ ನಡೆಸಿದವರು. ವಿ8 ಎಂಜಿನ್ ಬಿಚ್ಚಿದವರಲ್ಲ. ಮಗ ಇಂಟೇಕ್ ಬಿಚ್ಚೋಕೆ ಸ್ಪ್ಯಾನರ್ ಹಿಡಿದಾಗ ಕೇಳಿದರು:

"ಸೆಲ್ಫ್ ಹೊಡೀವಾಗ ಹತ್ತುತ್ತೆ, ಕೀ ಬಿಟ್ರೆ ನಿಲ್ಲುತ್ತೆ ಅಂತೀಯ. ಪಂಪು ಎಂಜಿನ್ನಿಂದ ತಿರುಗೋದು. ಕಾರ್ಬ್ಯುರೇಟರಿಗೆ ಕರೆಂಟೇ ಇಲ್ಲ. ಕೀ ಎಲ್ಲಿದೆ ಅಂತ ಪೆಟ್ರೋಲಿಗೆ ಹೇಗೆ ಗೊತ್ತಾಗುತ್ತೋ?"

ಪ್ರಕರಣ ತಿರುಗಿದ್ದು ಈ ಪ್ರಶ್ನೆಯಲ್ಲಿ. ನಾನು ನೋಟ್‌ಬುಕ್ ಹಿಂದಕ್ಕೆ ತಿರುಗಿಸಿದೆ. ಜಂಪರ್ ವೈರಿನಲ್ಲಿ ಓಡಿದ ದಿನ ಒಂದು ಸಲವೂ ಮಿಸ್ಸಿಂಗ್ ಬಂದಿರಲಿಲ್ಲ. ಕಾರಿನ ಸ್ವಂತ ವೈರಿಗೆ ಜೋಡಿಸಿದ ಮೇಲೆ ಒಂದು ಸಲವೂ ಸರಿಯಾಗಿ ಓಡಿರಲಿಲ್ಲ.

ಈ ಕಾರಿನಲ್ಲಿ ಕಾಯಿಲಿಗೆ ಕರೆಂಟು ಎರಡು ದಾರಿಯಿಂದ ಬರುತ್ತದೆ. ಸೆಲ್ಫ್ ಹೊಡೆಯುವಾಗ ಸೊಲೆನಾಯ್ಡಿನ 'ಐ' ಅನ್ನೋ ಟರ್ಮಿನಲ್‌ನಿಂದ ಬ್ಯಾಟರಿಯ ಪೂರ್ತಿ ವೋಲ್ಟೇಜ್. ಕೀ ಬಿಟ್ಟ ಮೇಲೆ ಇಗ್ನಿಷನ್ ಸ್ವಿಚ್ಚಿನಿಂದ, ಡ್ಯಾಶ್ ಒಳಗೇ ಹಾದು ಬರುವ ಒಂದು ಗುಲಾಬಿ ರೆಸಿಸ್ಟರ್ ವೈರಿನ ಮೂಲಕ. ಆ ವೈರೇ ಒಂದು ರೆಸಿಸ್ಟರ್, ಸುಮಾರು 1.4 ಓಮ್. ಪಾಯಿಂಟುಗಳು ಸುಡದಂತೆ ಕರೆಂಟನ್ನು ಇಳಿಸೋದು ಅದರ ಕೆಲಸ. ಮೊದಲ ದಾರಿ ಸರಿ ಇದ್ದು ಎರಡನೆಯದು ಕೆಟ್ಟರೆ ಲಕ್ಷಣ ಥೇಟ್ ಇದೇ: ಹತ್ತುತ್ತದೆ, ಕೀ ಬಿಟ್ಟರೆ ನಿಲ್ಲುತ್ತದೆ.

ಮೀಟರ್ ತಂದೆವು. ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಿ, ಕೀ ಆನ್ ಮಾಡಿ, ಕಾಯಿಲಿನ ಪ್ಲಸ್ಸಿನಲ್ಲಿ ನೋಡಿದರೆ 3 ವೋಲ್ಟ್. ಕಾಯಿಲಿನ ಒಳಗಿನ ಓಮ್ ಸುಮಾರು 1.45. ಬ್ಯಾಟರಿ 12.4. ವೈರು ಸರಿ ಇದ್ದರೆ ಕಾಯಿಲಿನಲ್ಲಿ 6ಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. 3 ವೋಲ್ಟ್ ಅಂದರೆ ಸುಮಾರು 2 ಆಂಪ್ ಮಾತ್ರ ಹರಿಯುತ್ತಿದೆ. ಉಳಿದ 9.4 ವೋಲ್ಟನ್ನು ದಾರಿಯಲ್ಲಿ ಯಾವುದೋ ತಿನ್ನುತ್ತಿದೆ. ಲೆಕ್ಕ ಹಾಕಿದರೆ ಇರಬೇಕಾದ 1.4 ಓಮಿನ ಮೇಲೆ ಇನ್ನೂ 3 ಓಮಿಗೂ ಹೆಚ್ಚು ಎಲ್ಲೋ ಸೇರಿಕೊಂಡಿದೆ. 2 ಆಂಪಿಗೆ ಅಷ್ಟು ಓಮ್ ಅಂದರೆ 13 ವ್ಯಾಟ್‌ನಷ್ಟು ಶಾಖ. ಹಾಗಿದ್ದ ಮೇಲೆ ಆ ಜಾಗ ಕೈಗೆ ಬಿಸಿ ಹತ್ತಲೇಬೇಕು.

ಹತ್ತಿತು. ಕೀ ಸ್ವಲ್ಪ ಹೊತ್ತು ಆನ್ ಇಟ್ಟು ಮಾಲೀಕ ಡ್ಯಾಶ್ ಕೆಳಗೆ ಮಲಗಿ ವೈರಿನ ಉದ್ದಕ್ಕೂ ಬೆರಳಾಡಿಸಿದ. ರೇಡಿಯೋ ಹಿಂದೆ, ದಪ್ಪ ಟೇಪಿನ ಕೆಳಗೆ ಒಂದು ಜಾಯಿಂಟ್ ಸುಡುತ್ತಿತ್ತು. ಟೇಪ್ ಬಿಚ್ಚಿದರೆ ಯಾರೋ ಗುಲಾಬಿ ವೈರನ್ನು ಕತ್ತರಿಸಿ ಟೇಪ್ ಡೆಕ್ಕಿಗೆ ಕರೆಂಟ್ ತೆಗೆದು, ಮತ್ತೆ ಒತ್ತಿ ಕೂರಿಸುವ ಅಗ್ಗದ ಕ್ರಿಂಪ್ ಹಾಕಿ ಸೇರಿಸಿದ್ದರು. ಕ್ರಿಂಪಿನ ನೀಲಿ ಪ್ಲಾಸ್ಟಿಕ್ ಕಂದಾಗಿ ಸುಕ್ಕುಗಟ್ಟಿತ್ತು, ಒಳಗೆ ಹಸಿರು ಕಿಲುಬು. ಬಿಸಿಯಾದಷ್ಟೂ ಹಿಡಿತ ಸಡಿಲವಾಗಿ ಓಮ್ ಏರುತ್ತದೆ. ಕಾರು ಬಿಸಿಯಾದ ಮೇಲೆ ಸಾಯುತ್ತಿದ್ದದ್ದು ಇದಕ್ಕೇ.

ಅಪ್ಪ ಮಗನ ಜಗಳ

ಇಲ್ಲಿ ಒಂದು ಒಳ್ಳೆಯ ವಾದ ನಡೆಯಿತು. ಅಪ್ಪ, "ಆ ವೈರೇ ಬೇಡ ಕಣೋ, ಕಾಯಿಲಿಗೆ ಡೈರೆಕ್ಟ್ ಕೊಟ್ಟುಬಿಡು, ನಾವೆಲ್ಲ ಹಾಗೇ ಕೊಡ್ತಿದ್ದಿದ್ದು" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಅವರು ಕೈಯಾಡಿಸಿದ ಕಾರುಗಳ ಕಾಯಿಲುಗಳು ನೇರ 12 ವೋಲ್ಟಿಗೇ ಮಾಡಿದವು, ಅವುಗಳ ಒಳಗಿನ ಓಮ್ ಜಾಸ್ತಿ. ಮಗ ಕಾಗದದ ಮೇಲೆ ಬರೆದು ತೋರಿಸಿದ: "ಅಪ್ಪಾ, ನೋಡಿ. ಈ ಕಾಯಿಲಿಗೆ ಡೈರೆಕ್ಟ್ ಕೊಟ್ರೆ ಎಂಟೂವರೆ ಆಂಪ್ ಹೋಗುತ್ತೆ. ರೆಸಿಸ್ಟರ್ ಇದ್ರೆ ನಾಲ್ಕೂವರೆ ಒಳಗೆ." ಅದರ ಎರಡು ಪಟ್ಟು ಕರೆಂಟಿಗೆ ಪಾಯಿಂಟ್ ಬೇಗ ಸುಡುತ್ತದೆ, ಕಾಯಿಲ್ ಕುದಿಯುತ್ತದೆ. ಅಪ್ಪ ಕಾಗದ ನೋಡಿ ಒಪ್ಪಿಕೊಂಡರು. ಒಂದು ಕಾರಿಗೆ ಸರಿಯಾದ ರಿಪೇರಿ ಇನ್ನೊಂದಕ್ಕೆ ಹಾನಿ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ನೋಡಿಲ್ಲ. ಇಬ್ಬರೂ ತಮ್ಮ ತಮ್ಮ ಕಾಯಿಲಿನ ವಿಷಯದಲ್ಲಿ ಸರಿ.

ಮುಂದಿನ ಪ್ರಶ್ನೆ: ಆ ಒಂದು ಜಾಯಿಂಟ್ ಸರಿಮಾಡಿ ಸಾಕು ಅನ್ನೋದೋ, ಡ್ಯಾಶ್ ಕೆಳಗಿನ ಇಡೀ ವೈರಿಂಗ್ ಬದಲಿಸೋದೋ? ಮಾಲೀಕ ಎರಡನೆಯದನ್ನು ಆರಿಸಿದ. ಎಂಜಿನ್ನಿನಲ್ಲಿ ಅಳತೆ ಸರಿ ಇದ್ದದ್ದನ್ನು ಉಳಿಸಿಕೊಂಡವನು ಇಲ್ಲಿ ಯಾಕೆ ಎಲ್ಲ ಬದಲಿಸಿದ ಅಂತ ಕೇಳಬಹುದು. ಉತ್ತರ ಸರಳ: ಬೇರಿಂಗನ್ನು ಅಳೆಯಬಹುದು, ಟೇಪಿನ ಕೆಳಗೆ ಅವಿತಿರುವ ಜಾಯಿಂಟುಗಳನ್ನು ಒಂದೊಂದಾಗಿ ಹುಡುಕಿ ಅಳೆಯೋಕೆ ಕೊನೆ ಇಲ್ಲ. ಜೊತೆಗೆ ಈ ಕಾರಿನ ಮೇನ್ ವೈರಿಗೆ ಕಾರ್ಖಾನೆಯಿಂದ ಫ್ಯೂಸೇ ಇಲ್ಲ. ಅದರಲ್ಲಿ ಶಾರ್ಟ್ ಆದರೆ ವೈರೇ ಉರಿಯೋದು. ಮೂಲದ ಮಾದರಿಯಲ್ಲೇ ಬಣ್ಣ ಬಣ್ಣದ ವೈರುಗಳಲ್ಲಿ ಮಾಡಿದ ಹೊಸ ಕಟ್ಟು ಸಿಗುತ್ತದೆ, ಅದನ್ನೇ ತರಿಸಿದ. ಸೊಲೆನಾಯ್ಡ್ ಹತ್ತಿರ ಮೇನ್ ವೈರಿಗೆ, ಅದಕ್ಕಿಂತ ನಾಲ್ಕು ಗೇಜ್ ಸಣ್ಣದಾದ, ಶಾರ್ಟ್ ಆದರೆ ಮೊದಲು ತಾನೇ ಕರಗಿ ಕರೆಂಟ್ ಕಡಿಯುವ ಫ್ಯೂಸಿಬಲ್ ಲಿಂಕ್ ಒಂದನ್ನೂ ಸೇರಿಸಿದ.

ಹೊಸ ವೈರಿಂಗಿಗೆ ಮೊದಲ ಸಲ ಕರೆಂಟ್ ಕೊಡುವಾಗ ಅಪ್ಪನ ಹಳೇ ವಿದ್ಯೆ ಕೆಲಸಕ್ಕೆ ಬಂತು. ಬ್ಯಾಟರಿಯ ಮೈನಸ್ಸಿಗೆ ಸೀದಾ ಕೇಬಲ್ ಹಾಕದೆ, ಮಧ್ಯೆ ಒಂದು ಹೆಡ್‌ಲೈಟ್ ಬಲ್ಬನ್ನು ಸೀರೀಸ್ ಕಟ್ಟಿದರು. ಎಲ್ಲೇ ಶಾರ್ಟ್ ಇದ್ದರೂ ಬಲ್ಬ್ ಪೂರ್ತಿ ಉರಿಯುತ್ತದೆ, ವೈರು ಉರಿಯುವುದಿಲ್ಲ. ಎಲ್ಲ ಆಫ್, ಬಲ್ಬ್ ಆಫ್. ಒಂದೊಂದೇ ಸ್ವಿಚ್ ಹಾಕುತ್ತಾ ಬಂದರು. ಬ್ರೇಕ್ ಒತ್ತಿದಾಗ ಬಲ್ಬ್ ಝಗ್ಗನೆ ಪೂರ್ತಿ ಹೊತ್ತಿತು, ಹಿಂದಿನ ದೀಪಗಳು ಸತ್ತಂತೆ ಇದ್ದವು. ಸರಿ ಇದ್ದಿದ್ದರೆ ಎರಡೂ ಮಂಕಾಗಿ ಉರಿಯಬೇಕಿತ್ತು. ಹಿಂದಕ್ಕೆ ಹೋಗುವ ಹಳೇ ವೈರು ಡ್ರೈವರ್ ಕಡೆಯ ಹೊಸ್ತಿಲ ಪಟ್ಟಿಯ ಕೆಳಗೆ ಹಾದುಹೋಗುತ್ತದೆ. ಪಟ್ಟಿಯ ಸ್ಕ್ರೂ ಒಂದು ಅದರೊಳಗೇ ಇಳಿದಿತ್ತು.

ಬಣ್ಣದ ಕೆಳಗಿನ ಅರ್ತ್

ಕಾರು ಈಗ ಕೀಲಿಯಲ್ಲಿ ಹತ್ತಿ ಓಡುತ್ತಿತ್ತು. ಆದರೆ ಹೆಡ್‌ಲೈಟ್ ಮಂಕು, ಪೆಟ್ರೋಲ್ ಮುಳ್ಳು ಮತ್ತು ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ತುದಿಗೆ ಏರುತ್ತಿದ್ದವು. ಈ ಸಲ ಯಾರೂ ಏನನ್ನೂ ಬದಲಿಸಲು ಹೋಗಲಿಲ್ಲ. ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಾರಿನ ಬಾಡಿಗೆ. ಸೊನ್ನೆಯ ಹತ್ತಿರ ಇರಬೇಕಾದ್ದು 1.8 ವೋಲ್ಟ್ ತೋರಿಸಿತು.

ಬ್ಯಾಟರಿಯ ಮೈನಸ್ ಬರುವುದು ಎಂಜಿನ್ ಬ್ಲಾಕಿಗೆ. ಬ್ಲಾಕಿನಿಂದ ಬಾಡಿಗೆ ಹೆಡ್ಡಿನ ಹಿಂಭಾಗದಿಂದ ಫೈರ್‌ವಾಲಿಗೆ (ಎಂಜಿನ್ ಮತ್ತು ಡ್ಯಾಶ್ ನಡುವಿನ ತಗಡಿನ ಗೋಡೆಗೆ) ಒಂದು ಹೆಣೆದ ಪಟ್ಟಿ ಇರುತ್ತದೆ. ಎಂಜಿನ್ನಿಗೆ ಫೋರ್ಡಿನ ನೀಲಿ ಬಣ್ಣ, ಫೈರ್‌ವಾಲಿಗೆ ಕಪ್ಪು ಬಣ್ಣ ಪ್ರೀತಿಯಿಂದ ಬಳಿದು, ಪಟ್ಟಿಯನ್ನು ಬಣ್ಣದ ಮೇಲೇ ಬೋಲ್ಟ್ ಮಾಡಲಾಗಿತ್ತು. ಬಣ್ಣ ಕರೆಂಟ್ ಬಿಡುವುದಿಲ್ಲ. ಬೋಲ್ಟಿನ ಸುತ್ತ ನಾಣ್ಯದಷ್ಟು ಜಾಗ ಕೆರೆದು ಬರೀ ಲೋಹ ಮಾಡಿ, ಹಲ್ಲಿರುವ ವಾಷರ್ ಹಾಕಿ ಬಿಗಿದಾಗ 0.1ಕ್ಕಿಂತ ಕೆಳಗಿಳಿಯಿತು. ಹೆಡ್‌ಲೈಟ್ ಬೆಳ್ಳಗಾಯಿತು. ಮುಳ್ಳುಗಳ ಕಥೆಯೂ ಅದೇ ಜಾತಿಯದು. ಎರಡಕ್ಕೂ ಸುಮಾರು 5 ವೋಲ್ಟ್ ಕೊಡುವ ಒಂದೇ ಸಣ್ಣ ರೆಗ್ಯುಲೇಟರ್ ಡ್ಯಾಶ್ ಹಿಂದಿದೆ. ಅದಕ್ಕೆ ಅರ್ತ್ ತಪ್ಪಿದರೆ ಅದು ತೆರೆದು ಮುಚ್ಚುವುದನ್ನು ನಿಲ್ಲಿಸಿ ಪೂರ್ತಿ 12 ವೋಲ್ಟ್ ಬಿಡುತ್ತದೆ. ಬೇರೆಯೇ ಒಂದು ಅರ್ತ್ ವೈರು ಕೊಟ್ಟ ಮೇಲೆ ಎರಡೂ ಮುಳ್ಳು ತಮ್ಮ ಜಾಗಕ್ಕೆ ಬಂದವು.

ಇಡೀ ಕೆಲಸವನ್ನು ಮತ್ತೆ ಮಾಡುವುದಾದರೆ ಮಾಲೀಕ ಕ್ರಮವನ್ನು ಬದಲಿಸುತ್ತಾನಂತೆ. ಎಂಜಿನ್ ಹೊರಗಿದ್ದಾಗ ಡ್ಯಾಶ್ ವೈರಿಂಗ್ ಮುಗಿಸುವುದು, ಏಕೆಂದರೆ ಆಗ ಫೈರ್‌ವಾಲ್ ಪೂರ್ತಿ ಕೈಗೆ ಸಿಗುತ್ತದೆ. ಬಣ್ಣ ಬಳಿಯುವ ಮುಂಚೆ ಅರ್ತ್ ಜಾಗಗಳಿಗೆ ಟೇಪ್ ಅಂಟಿಸುವುದು. ಎಂಜಿನ್ ಜಂಪರಿನಲ್ಲಿ ಚೆನ್ನಾಗಿ ಓಡಿದ ಮೇಲೆ ಅದನ್ನೇ ಆಧಾರ ಮಾಡಿಕೊಂಡು, ಒಂದು ದಿನಕ್ಕೆ ಒಂದೇ ಬದಲಾವಣೆ: ಮೊದಲು ಕ್ಯಾನಿನಿಂದ ಟ್ಯಾಂಕಿಗೆ, ಅದು ಸರಿ ಅಂದ ಮೇಲೆ ಜಂಪರಿನಿಂದ ಕೀಲಿಗೆ. ನಾನು ಸೇರಿಸುವುದು ಒಂದನ್ನು. ಕಾಯಿಲ್, ಕಂಡೆನ್ಸರ್, ಕಾರ್ಬ್ಯುರೇಟರ್ ಇವಕ್ಕೆಲ್ಲ ಕೊಟ್ಟ ಹಣಕ್ಕಿಂತ ತುಂಬಾ ಕಡಿಮೆಗೆ ಸಿಗುವ ಮೀಟರ್ ಮೊದಲ ದಿನದಿಂದಲೂ ಗೋಡೆಗೆ ನೇತುಹಾಕಿತ್ತು. ಎಂಜಿನ್ ಬಿಚ್ಚುವಾಗ ಕಂಪ್ರೆಷನ್ ಗೇಜ್ ಮುಟ್ಟಿದಷ್ಟು ಸಹಜವಾಗಿ ಅದನ್ನು ಮುಟ್ಟಬೇಕಿತ್ತು.

ಆಗಸ್ಟಿನಲ್ಲಿ ಕಾರು ವುಡ್‌ವರ್ಡ್‌ನಲ್ಲಿ ಓಡಿತು. ಜನಜಂಗುಳಿಯಲ್ಲಿ ನಿಂತು ಹೊರಡುತ್ತಾ, ನಿಂತು ಹೊರಡುತ್ತಾ, ಬಿಸಿಲಿನಲ್ಲಿ ಬಹಳ ಹೊತ್ತು. ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರು. ಒಂದು ಸಲವೂ ನಿಲ್ಲಲಿಲ್ಲ.

ಇನ್ನೂ ಬಾಕಿ ಇರುವುದು ಎರಡು. ಟ್ರಾಫಿಕ್ಕಿನಲ್ಲಿ ಹೆಡ್‌ಲೈಟ್ ಹಾಕಿ ಐಡಲ್‌ನಲ್ಲಿ ನಿಂತರೆ ವೋಲ್ಟೇಜ್ 12.6ಕ್ಕೆ ಇಳಿಯುತ್ತದೆ. ಕಾರ್ಖಾನೆಯ ಆಲ್ಟರ್ನೇಟರ್ ಕಡಿಮೆ ತಿರುಗಿದಾಗ ಅಷ್ಟೇ ಕೊಡೋದು. ದೊಡ್ಡದು ಹಾಕಬೇಕಾದರೆ ಮೊದಲು ಚಾರ್ಜಿಂಗ್ ವೈರನ್ನೂ ದಪ್ಪ ಮಾಡಬೇಕು, ಹಾಗಾಗಿ ಸದ್ಯಕ್ಕೆ ಹೆಡ್‌ಲೈಟಿಗೆ ರಿಲೇ ಮಾತ್ರ ಹಾಕಿದ್ದಾನೆ. ಇನ್ನೊಂದು, ಸ್ಟಾರ್ಟರ್ ಕೇಬಲ್. ಸೆಲ್ಫ್ ಹೊಡೆಯುವಾಗ ಅದರ ಎರಡು ತುದಿಯ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ಬೀಳುತ್ತಿದೆ. ಈ ಚಳಿಗಾಲದಲ್ಲಿ ಅದನ್ನು ಬದಲಿಸುತ್ತಾನೆ.